ಕೊಡುವ ಕೈಗೆ ಶಿಕ್ಷಣ

(ಕಥೋಲಿಕ ಧರ್ಮಕೇಂದ್ರಗಳ ಸೇವಾಕಾರ್ಯವನ್ನು ಕುರಿತ ಒಂದು ಪಾಠ)



ಕಳೆದ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಾವು ಒಂದು ತಪ್ಪನ್ನು ಮಾಡಿದೆವು. ಅದನ್ನು ಮೊದಲು ಒಪ್ಪಿಕೊಂಡು ಅನಂತರ ಪಾಠಕ್ಕೆ ತೊಡಗುವುದು ಉಚಿತವೆಂದು ತೋರುತ್ತದೆ.

ಕೆಲವು ಮಂದಿ ದಾನಿಗಳು ನಮ್ಮ ಶಾಲೆಯ ಬಡ ಮಕ್ಕಳಿಗೆಂದು ನೋಟುಪುಸ್ತಕಗಳನ್ನು ಕಳುಹಿಸಿದ್ದರು. ನಾವು ವರ್ಗಶಿಕ್ಷಕರಿಂದ ಹೆಸರುಗಳ ಪಟ್ಟಿಯನ್ನು ತರಿಸಿದೆವು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರಿಗೆ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಕೂಗಿ, ಮಕ್ಕಳನ್ನು ಮುಂದಕ್ಕೆ ಕರೆದು, ಪುಸ್ತಕಗಳನ್ನು ಕೈಗಿತ್ತೆವು. ಚಪ್ಪಾಳೆಯೂ ಆಯಿತು, ಛಾಯಾಚಿತ್ರವೂ ಆಯಿತು. ಏಳನೆಯ ಇಯತ್ತೆಯ ಒಬ್ಬ ಹುಡುಗನು ಮಾತ್ರ ತನ್ನ ಹೆಸರು ಬಂದಾಗ ಏಳಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದನು. ಕೇಳಿಸಲಿಲ್ಲವೆಂದು ಭಾವಿಸಿ ನಾವು ಇನ್ನೂ ಗಟ್ಟಿಯಾಗಿ ಕೂಗಿದೆವು. ಬಂದನು, ತೆಗೆದುಕೊಂಡನು, ಹೋದನು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಆರನೆಯ ದಿನ ನಾವು ಅವನ ಮನೆಯನ್ನು ಹುಡುಕಿಕೊಂಡು ಹೋದೆವು. ತಂದೆಯವರು ವಿಜಯಪುರ ಜಿಲ್ಲೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ದುಡಿಯುವವರು. ಒಂದೇ ಖೋಲಿ, ಅದರೊಳಗೆ ಐದು ಮಂದಿ. ಚಹಾ ಕೊಟ್ಟು, ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಅವರು ಹೇಳಿದರು: "ಗುರುಗಳ, ಪುಸ್ತಕ ನಮಗ ಬೇಕಾಗಿದ್ವು ಖರೆ. ಹೆಸರು ಒದರೂದು ಬ್ಯಾಡಾಗಿತ್ತರಿ."

ಕೊಡುವುದಕ್ಕೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕೆಂದು ನಾವು ಅದುವರೆಗೆ ತಿಳಿದಿದ್ದೆವು. ಕೊಡುವುದೂ ಒಂದು ವಿದ್ಯೆ, ಅದಕ್ಕೂ ಅಭ್ಯಾಸ ಬೇಕು ಎಂಬುದನ್ನು ಆ ಮಾತು ನಮಗೆ ಕಲಿಸಿತು. ಹಾಗಾದರೆ ಈ ವಿದ್ಯೆಯನ್ನು ಬಹುಕಾಲದಿಂದ ಅಭ್ಯಾಸ ಮಾಡಿದವರು ಯಾರು? ನಮ್ಮ ಶರಣರ ದಾಸೋಹವಿದೆ, ಗುರುದ್ವಾರಗಳ ಲಂಗರವಿದೆ. ಅವು ನಿಮಗೆ ತಿಳಿದವೇ. ಈ ಸಲ ನಾವು, ಮುಂಬಯಿಯಲ್ಲಿ ನೀವು ದಿನವೂ ಹಾದುಹೋಗುವ, ಆದರೆ ನಿಮ್ಮಲ್ಲಿ ಹೆಚ್ಚಿನವರು ಒಳಹೊಕ್ಕು ನೋಡದ ಒಂದು ಸ್ಥಳದ ಕಡೆಗೆ ನಿಮ್ಮನ್ನು ಕರೆದೊಯ್ಯುತ್ತೇವೆ. ಅದು ಇಗರ್ಜಿ. ನಾವು ಆ ಮತದವರಲ್ಲ. ಆ ಮತದ ತತ್ತ್ವಗಳನ್ನು ಬೋಧಿಸುವುದು ಈ ಪಾಠದ ಉದ್ದೇಶವೂ ಅಲ್ಲ. ನೆರೆಯವರು ಒಂದು ವಿದ್ಯೆಯನ್ನು ಹೇಗೆ ಕಲಿತರು, ಕಲಿಯುವಾಗ ಎಲ್ಲೆಲ್ಲಿ ಎಡವಿದರು ಎಂಬುದನ್ನು ಅರಿಯುವುದಷ್ಟೇ ಉದ್ದೇಶ.

೧. ಧರ್ಮಕೇಂದ್ರವೆಂದರೆ ಏನು?

ಕಥೋಲಿಕ ಕ್ರೈಸ್ತರು ತಮ್ಮ ಸಮಾಜವನ್ನು ಪ್ರದೇಶಗಳಾಗಿ ವಿಂಗಡಿಸಿಕೊಂಡಿದ್ದಾರೆ. ಬಿಷಪ್ಪರ ಆಡಳಿತಕ್ಕೆ ಸೇರಿದ ದೊಡ್ಡ ಪ್ರದೇಶವನ್ನು ಕನ್ನಡ ಕಥೋಲಿಕರು ಧರ್ಮಕ್ಷೇತ್ರವೆಂದು ಕರೆಯುತ್ತಾರೆ. ಅದರೊಳಗಣ ಒಂದೊಂದು ಚಿಕ್ಕ ಭಾಗವೇ ಧರ್ಮಕೇಂದ್ರ. ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾರಿಷ್ ಎಂದು ಹೆಸರು. ಪ್ರತಿಯೊಂದು ಧರ್ಮಕೇಂದ್ರಕ್ಕೂ ಒಂದು ಇಗರ್ಜಿ, ಒಬ್ಬ ಗುರು, ಸಾಮಾನ್ಯವಾಗಿ ಗೊತ್ತಾದ ಎಲ್ಲೆಗಳು ಇರುತ್ತವೆ. ಇಂತಿಂತಹ ಬೀದಿಗಳು, ಇಂತಿಂತಹ ಚಾಳುಗಳು ಈ ಕೇಂದ್ರಕ್ಕೆ ಸೇರಿದವು ಎಂಬ ನಿರ್ಣಯವಿರುತ್ತದೆ.

ಪ್ಯಾರಿಷ್ ಎಂಬ ಪದದ ಮೂಲವನ್ನು ಹುಡುಕುತ್ತ ಹೋದರೆ ನಮಗೊಂದು ಅಚ್ಚರಿ ಕಾದಿದೆ. ಅದು ಗ್ರೀಕ್ ಭಾಷೆಯ 'ಪಾರೊಯಿಕಿಯಾ' ಎಂಬುದರಿಂದ ಬಂದದ್ದು. 'ಪಾರಾ' ಎಂದರೆ ಪಕ್ಕದಲ್ಲಿ. 'ಓಯಿಕೋಸ್' ಎಂದರೆ ಮನೆ. ಪರಸ್ಥಳದಲ್ಲಿ, ಅಲ್ಲಿನ ಪೂರ್ಣ ಹಕ್ಕುಗಳಿಲ್ಲದೆ, ಇನ್ನೊಬ್ಬರ ಮನೆಯ ಮಗ್ಗುಲಲ್ಲಿ ತಂಗಿರುವುದು ಎಂಬುದೇ ಆ ಪದದ ಹಳೆಯ ಅರ್ಥ. ಅಂದರೆ ಅದು ವಲಸೆ ಬಂದವರ ಪದ. ಮೊದಲ ಕಾಲದ ಕ್ರೈಸ್ತರು ತಮ್ಮನ್ನು ಈ ಲೋಕದಲ್ಲಿ ತಂಗಲು ಬಂದ ಪರಸ್ಥಳೀಯರೆಂದೇ ಎಣಿಸುತ್ತಿದ್ದರು.

ಊರು ಬಿಟ್ಟು ಬಂದ ನಮಗೆ ಈ ಅರ್ಥವನ್ನು ವಿವರಿಸಬೇಕಾಗಿಲ್ಲ. ಮುಂಬಯಿಗೆ ಬಂದ ಕನ್ನಡಿಗರು ಹಗಲು ಹೊಟೇಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತರು, ಸಂಘಗಳನ್ನು ಕಟ್ಟಿಕೊಂಡರು. ಗೋವೆಯಿಂದ ಬಂದ ಹಡಗಿನ ಕೆಲಸಗಾರರು ಧೋಬಿ ತಲಾವಿನ ಸುತ್ತುಮುತ್ತ ತಮ್ಮ ತಮ್ಮ ಹಳ್ಳಿಯ ಹೆಸರಿನ 'ಕೂಡ್'ಗಳನ್ನು, ಅಂದರೆ ಒಟ್ಟಾಗಿ ತಂಗುವ ಕೊಠಡಿಗಳನ್ನು, ಮಾಡಿಕೊಂಡರು. ಇಗರ್ಜಿಯ ಬಾಗಿಲಿನ ಹಲಗೆಯನ್ನು ಓದಿ ನೋಡಿರಿ: ಇಂಗ್ಲಿಷ್, ಕೊಂಕಣಿ, ಮರಾಠಿ, ಕೆಲವೆಡೆ ತಮಿಳು, ಹೀಗೆ ಬೇರೆ ಬೇರೆ ಭಾಷೆಗಳ ಪೂಜಾವೇಳೆ ಬರೆದಿರುತ್ತದೆ. ಬಂದವರು ಯಾರು ಯಾರು ಎಂಬುದನ್ನು ಆ ಹಲಗೆಯೇ ಹೇಳುತ್ತದೆ.

೧೯೮೩ರಲ್ಲಿ ಪ್ರಕಟವಾದ ಕಥೋಲಿಕ ಶ್ರೀಸಭೆಯ ನ್ಯಾಯಸಂಹಿತೆಯು ಧರ್ಮಕೇಂದ್ರದ ಗುರುವಿನ ಕರ್ತವ್ಯಗಳನ್ನು ಎಣಿಸುವಾಗ, ಬಡವರು, ನೊಂದವರು, ಒಂಟಿಗರು, ತಾಯ್ನಾಡನ್ನು ಬಿಟ್ಟುಬರಬೇಕಾಗಿ ಬಂದವರು ಇವರನ್ನು ವಿಶೇಷವಾದ ಶ್ರದ್ಧೆಯಿಂದ ಹುಡುಕಿಕೊಂಡು ಹೋಗಬೇಕೆಂದು ವಿಧಿಸುತ್ತದೆ. 'ಬಂದವರಿಗೆ ಕೊಡಬೇಕು' ಎಂದಲ್ಲ, 'ಹುಡುಕಿಕೊಂಡು ಹೋಗಬೇಕು' ಎಂದು. ಈ ಎರಡರ ಅಂತರವನ್ನು ನೆನಪಿನಲ್ಲಿಡಿರಿ.

೨. ಮೊದಲ ದೂರು

ಈ ಸೇವೆಯ ಇತಿಹಾಸವು ಒಂದು ದೂರಿನಿಂದಲೇ ಆರಂಭವಾಗುತ್ತದೆ. ಬೈಬಲಿನ 'ಪ್ರೇಷಿತರ ಕಾರ್ಯಕಲಾಪಗಳು' ಎಂಬ ಗ್ರಂಥದ ಆರನೆಯ ಅಧ್ಯಾಯದಲ್ಲಿ ಈ ಸಂಗತಿ ಬಂದಿದೆ. ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯರು ತಮ್ಮಲ್ಲಿದ್ದುದನ್ನು ಒಂದೆಡೆ ಸೇರಿಸಿ, ಗತಿಯಿಲ್ಲದ ವಿಧವೆಯರಿಗೆ ನಿತ್ಯವೂ ಆಹಾರವನ್ನು ಹಂಚುತ್ತಿದ್ದರು. ಆ ಸಮಾಜದಲ್ಲಿ ಎರಡು ಭಾಷೆಗಳ ಜನರಿದ್ದರು: ಸ್ಥಳೀಯ ನುಡಿಯನ್ನಾಡುವವರು ಒಂದು ಕಡೆ; ಹೊರನಾಡುಗಳ ನಂಟಿನಿಂದ ಗ್ರೀಕ್ ಭಾಷೆಯನ್ನಾಡುವ ಯೆಹೂದ್ಯರು ಇನ್ನೊಂದು ಕಡೆ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರು ಅಲಕ್ಷ್ಯಕ್ಕೆ ಗುರಿಯಾಗುತ್ತಿದ್ದಾರೆಂದು ಗ್ರೀಕ್ ನುಡಿಯವರು ಗೊಣಗಿದರು.

ಹಂಚುವವರು ಕೆಟ್ಟವರಾಗಿದ್ದರೆಂದು ಗ್ರಂಥವು ಹೇಳುವುದಿಲ್ಲ. ತಮ್ಮ ಕಣ್ಣಿಗೆ ಬಿದ್ದವರಿಗೆ, ತಮ್ಮ ನುಡಿಯಲ್ಲಿ ಕೇಳಿದವರಿಗೆ ಅವರು ಕೊಟ್ಟಿರಬೇಕು. ಕೇಳಲು ನುಡಿಯಿಲ್ಲದವರು ಹೊರಗುಳಿದಿರಬೇಕು. ಈ ನಗರದಲ್ಲಿ ಇದು ನಮಗೆ ಅಪರಿಚಿತವೇ? ಪಡಿತರದ ಅಂಗಡಿಯಲ್ಲಿ, ದವಾಖಾನೆಯ ಕಿಟಕಿಯಲ್ಲಿ, ಹಲಗೆಯನ್ನು ಓದಲಾರದೆ ನಿಂತ ತಾಯಂದಿರ ಜೊತೆಗೆ ದುಭಾಷಿಗಳಾಗಿ ಹೋಗಿ ಬಂದವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ!

ಹಿರಿಯರು ಆ ದೂರನ್ನು ತಳ್ಳಿಹಾಕಲಿಲ್ಲ. ಈ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿರೆಂದು ಇಡೀ ಸಮುದಾಯಕ್ಕೆ ತಿಳಿಸಿದರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಕಡೆಯವರ ಕೈಗೇ ಹಂಚಿಕೆಯ ಕೆಲಸವು ಬಂದಿತೆಂದು ಅನೇಕ ವಿದ್ವಾಂಸರು ಇದರಿಂದ ಊಹಿಸುತ್ತಾರೆ. ಆ ಏಳು ಮಂದಿಯಲ್ಲಿ ಮೊದಲನೆಯವನು ಸ್ತೇಫಾನ. ಊಟದ ಬಳಿ ನಿಂತು ಮಾಡುವ ಸೇವೆಗೆ ಗ್ರೀಕಿನಲ್ಲಿ 'ದಿಯಾಕೋನಿಯಾ' ಎನ್ನುತ್ತಾರೆ. ಇಂದಿಗೂ ಇಗರ್ಜಿಗಳಲ್ಲಿರುವ 'ಡೀಕನ್' ಎಂಬ ಪದವಿಯ ಹೆಸರು ಅದೇ ಬೇರಿನಿಂದ ಬಂದದ್ದು. ಹೀಗೆ ಬಡಿಸುವ ಕೆಲಸವೂ ಒಂದು ಗೌರವದ ಪದವಿಯಾಯಿತು.

ಮೊದಲ ಪಾಠ ಇದು: ಪಟ್ಟಿಯನ್ನು ಬರೆಯುವ ಮೊದಲು, ಯಾರು ಪಟ್ಟಿಯ ಹೊರಗೆ ಉಳಿದಿದ್ದಾರೆಂದು ಕೇಳಬೇಕು.

೩. ಶಾತಿಯೋಂ ಊರಿನ ಒಂದು ಭಾನುವಾರ

ಅಲ್ಲಿಂದ ಮುಂದೆ ನೂರಾರು ವರ್ಷಗಳ ಕಾಲ ಮಠಗಳು, ಛತ್ರಗಳು, ಆಸ್ಪತ್ರೆಗಳು ಈ ಕಾರ್ಯವನ್ನು ನಡೆಸಿಕೊಂಡು ಬಂದುವು. ಅವನ್ನೆಲ್ಲ ಬಿಟ್ಟು ನಾವು ನೇರವಾಗಿ ೧೬೧೭ನೆಯ ಇಸವಿಗೆ, ಫ್ರಾನ್ಸ್ ದೇಶದ ಶಾತಿಯೋಂ ಎಂಬ ಸಣ್ಣ ಊರಿಗೆ ಹೋಗೋಣ. ಏಕೆಂದರೆ ಸಾಮಾನ್ಯ ಗೃಹಸ್ಥರು ಸರದಿಯ ಮೇಲೆ ಸೇವೆ ಮಾಡುವ ಒಂದು ಪದ್ಧತಿಯು ಅಲ್ಲಿ ರೂಪುಗೊಂಡಿತು.

ಆ ಊರಿನ ಗುರು ವಿನ್ಸೆಂಟ್ ದ ಪೌಲ್. ಆತನು ೧೫೮೧ರಲ್ಲಿ ಒಂದು ರೈತ ಕುಟುಂಬದಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ದನಕುರಿಗಳನ್ನು ಕಾಯ್ದವನು. ಪಟ್ಟಣದ ಶಾಲೆಗೆ ಸೇರಿದ ಮೇಲೆ, ಒಂದು ದಿನ ತಂದೆಯು ಅವನನ್ನು ನೋಡಲು ಬಂದನು. ಹಳ್ಳಿಯ ಬಡ ಉಡುಪಿನ ತಂದೆ ಬಂದಿದ್ದಾನೆಂದು ಕೇಳಿ, ನಾಚಿಕೆಯಿಂದ ಹುಡುಗನು ಹೊರಗೆ ಹೋಗಲೇ ಇಲ್ಲ. ಈ ಸಂಗತಿಯನ್ನು ಬೇರೆಯವರು ಹೇಳಿದ್ದಲ್ಲ. ಮುಪ್ಪಿನಲ್ಲಿ ಆತನೇ ಹೇಳಿಕೊಂಡು ಪಶ್ಚಾತ್ತಾಪಪಟ್ಟನು. ಬಡತನದ ನಾಚಿಕೆಯು ಶಾಲೆಯಲ್ಲಿ ಎಷ್ಟು ತೀಕ್ಷ್ಣವಾಗಿರುತ್ತದೆಂಬುದನ್ನು ಬಲ್ಲವನು ಮುಂದೆ ಬಡವರ ಸೇವೆಗೆ ನಿಯಮಗಳನ್ನು ಬರೆದನು.

ಆಗಸ್ಟ್ ತಿಂಗಳ ಒಂದು ಭಾನುವಾರ, ವಿನ್ಸೆಂಟನು ಪೂಜೆಗೆ ಸಿದ್ಧನಾಗುತ್ತಿದ್ದಾಗ, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ ಎಂಬ ಸುದ್ದಿ ಬಂತು. ಆತನು ತನ್ನ ಪ್ರವಚನದಲ್ಲಿ ಅದನ್ನು ಜನರಿಗೆ ತಿಳಿಸಿದನು. ಮಧ್ಯಾಹ್ನ ತಾನೂ ಆ ಮನೆಯ ಕಡೆಗೆ ಹೊರಟಾಗ ದಾರಿಯುದ್ದಕ್ಕೂ ಜನ! ಹೋಗುವವರು, ಬರುವವರು, ಬಿಸಿಲಿಗೆ ದಣಿದು ದಾರಿಯ ಬದಿಯಲ್ಲಿ ಕುಳಿತವರು. ಊರಿಗೆ ಊರೇ ರೊಟ್ಟಿ, ಮಾಂಸ, ಸಾರುಗಳನ್ನು ಹೊತ್ತು ಅತ್ತ ಸಾಗಿತ್ತು.

ಎಂತಹವರಿಗೂ ಸಂತೋಷವಾಗಬೇಕಾದ ನೋಟ. ವಿನ್ಸೆಂಟನಿಗೂ ಸಂತೋಷವಾಯಿತು, ಆದರೆ ಚಿಂತೆಯೂ ಹುಟ್ಟಿತು. ಇಂದು ಒಂದೇ ದಿನದಲ್ಲಿ ಬಂದ ಇಷ್ಟು ಆಹಾರವು ಕೆಟ್ಟುಹೋಗುವುದಲ್ಲ! ನಾಳೆ? ನಾಳಿದ್ದು? ಮುಂದಿನ ವಾರ? ಆ ಮನೆಯವರು ಮತ್ತೆ ಹಿಂದಿನ ಸ್ಥಿತಿಗೇ ಬರುವರಲ್ಲ! ಈ ಜನರಲ್ಲಿ ಕರುಣೆಗೆ ಕೊರತೆಯಿಲ್ಲ, ಕ್ರಮಕ್ಕೆ ಕೊರತೆಯಿದೆ ಎಂಬುದನ್ನು ಆತನು ಕಂಡುಕೊಂಡನು.

ಕೆಲವೇ ದಿನಗಳಲ್ಲಿ ಊರಿನ ಕೆಲವು ಹೆಂಗಸರನ್ನು ಕೂಡಿಸಿ, ಒಬ್ಬೊಬ್ಬರೂ ಒಂದೊಂದು ದಿನದ ಸರದಿಯಂತೆ ರೋಗಿಗಳಿಗೆ ಅಡಿಗೆ ಮಾಡಿ ಒಯ್ಯುವ ಏರ್ಪಾಡನ್ನು ಆತನು ಮಾಡಿದನು. ಅದೇ ವರ್ಷದ ಕೊನೆಗೆ ಆ ಸಂಘವು ವಿಧಿವತ್ತಾಗಿ ಸ್ಥಾಪಿತವಾಯಿತು. ಸದಸ್ಯೆಯರಿಗೆ 'ಬಡವರ ಸೇವಕಿಯರು' ಎಂದು ಹೆಸರು. ಹಣ ಮತ್ತು ಸಾಮಗ್ರಿಗಳ ಮೇಲ್ವಿಚಾರಣೆಗೆ ಬೇರೆ ಬೇರೆ ಅಧಿಕಾರಿಗಳು.

ಆ ಸಂಘದ ನಿಯಮಗಳು ಇಂದಿಗೂ ಉಳಿದಿವೆ. ಅವು ದೊಡ್ಡ ತತ್ತ್ವಗಳ ಗ್ರಂಥವಲ್ಲ. ಮನೆವಾರ್ತೆ ನಡೆಸುವವರ ಟಿಪ್ಪಣಿಯಂತಿವೆ. ರೋಗಿಯ ಬಳಿಗೆ ಹೋದೊಡನೆ ಹಸನ್ಮುಖದಿಂದ ಮಾತನಾಡಿಸಬೇಕು, ಹಾಸಿಗೆಯ ಮೇಲೆ ಊಟದ ಹಲಗೆಯನ್ನಿಟ್ಟು, ಅದರ ಮೇಲೆ ಬಟ್ಟೆ ಹಾಸಬೇಕು, ಕೈ ತೊಳೆಸಬೇಕು, ಆಮೇಲೆ ಪ್ರೀತಿಯಿಂದ ಉಣ್ಣಲು ಹೇಳಬೇಕು. ಇಷ್ಟು ಹೇಳಿ, ನಿಯಮವು ಇನ್ನೊಂದು ಮಾತನ್ನು ಸೇರಿಸುತ್ತದೆ: ಮನೆಯಲ್ಲಿ ಜೊತೆಗೆ ಯಾರಾದರೂ ಇರುವ ರೋಗಿಯಿಂದ ಮೊದಲು ಮಾಡಿ, ಒಂಟಿಯಾಗಿರುವವರಲ್ಲಿಗೆ ಕಡೆಯಲ್ಲಿ ಹೋಗಬೇಕು, ಹಾಗಾದರೆ ಅವರ ಬಳಿ ಹೆಚ್ಚು ಹೊತ್ತು ಇರಲು ಆಗುತ್ತದೆ.

ಮಕ್ಕಳೇ, ಈ ಒಂದು ನಿಯಮದ ಬಳಿ ಸ್ವಲ್ಪ ನಿಲ್ಲಿರಿ. ಊಟವು ಎಲ್ಲರಿಗೂ ಒಂದೇ. ಸರದಿಯನ್ನು ಬದಲಾಯಿಸಿದ್ದರಿಂದ ಒಂದು ಕಾಸೂ ಹೆಚ್ಚು ಖರ್ಚಾಗಲಿಲ್ಲ. ಆದರೆ ಒಂಟಿಯಾಗಿದ್ದವನಿಗೆ ಊಟದ ಜೊತೆಗೆ ಒಬ್ಬ ಮನುಷ್ಯರೂ ದೊರೆತರು. ಕ್ರಮವೆಂದರೆ ಬರಿಯ ಲೆಕ್ಕವಲ್ಲ. ಕ್ರಮದೊಳಗೇ ಕರುಣೆಯನ್ನು ಇಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

೪. ಪ್ಯಾರಿಸಿನ ವಿದ್ಯಾರ್ಥಿಗಳು

ಮೂರನೆಯ ಕಥೆ ನಿಮ್ಮಂತಹ ವಿದ್ಯಾರ್ಥಿಗಳದೇ. ೧೮೩೨ರಲ್ಲಿ ಪ್ಯಾರಿಸ್ ನಗರಕ್ಕೆ ವಾಂತಿಭೇದಿಯ ಮಾರಿ ಬಂದು ೧೮ ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಬಡವರ ಕೇರಿಗಳಲ್ಲಿಯೇ ಸಾವು ಹೆಚ್ಚು. ಆಗ ಫ್ರೆಡರಿಕ್ ಓಜಾನಾಂ ಎಂಬ ತರುಣನು ಲಿಯೋಂ ಪಟ್ಟಣದಿಂದ ಬಂದು ಪ್ಯಾರಿಸಿನಲ್ಲಿ ಕಾನೂನು ಓದುತ್ತಿದ್ದನು. ಅವನೂ ಗೆಳೆಯರೂ ಒಂದು ಚರ್ಚಾಕೂಟದಲ್ಲಿ ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕುರಿತು ವಾದಿಸುತ್ತಿದ್ದರು. ನಮ್ಮ ಧರ್ಮವು ಲೋಕಕ್ಕೆ ಎಷ್ಟೊಂದು ಉಪಕಾರ ಮಾಡಿತೆಂದು ಅವರು ಹೇಳಿದಾಗ, ಎದುರು ಪಕ್ಷದವರು ಕೇಳಿದರು: ಹಿಂದಿನ ಮಾತು ಇರಲಿ, ಇಂದು ನೀವು ಮಾಡುತ್ತಿರುವುದೇನು?

ಆ ಪ್ರಶ್ನೆಗೆ ವಾದದಿಂದ ಉತ್ತರ ಕೊಡಲು ಬರುವಂತಿರಲಿಲ್ಲ. ೧೮೩೩ನೆಯ ಏಪ್ರಿಲ್ ೨೩ರಂದು ಆರು ಮಂದಿ ತರುಣರು, ಬೈಯಿ ಎಂಬ ಹಿರಿಯ ಪತ್ರಿಕಾ ಸಂಪಾದಕರ ಅಧ್ಯಕ್ಷತೆಯಲ್ಲಿ ಸಭೆ ಸೇರಿದರು. ಅಂದು ಓಜಾನಾಮನಿಗೆ ಇಪ್ಪತ್ತು ವರ್ಷ ತುಂಬಿದ ದಿನ. ಅವನು ಮತ್ತು ಒಬ್ಬ ಗೆಳೆಯನು ಚಳಿಗಾಲಕ್ಕೆಂದು ತಾವು ಇಟ್ಟುಕೊಂಡಿದ್ದ ಸೌದೆಯಲ್ಲಿ ಉಳಿದುದನ್ನು ಒಂದು ಬಡ ಮನೆಗೆ ತಾವೇ ಹೊತ್ತುಕೊಂಡು ಹೋದರೆಂದು ಅವನ ಚರಿತ್ರಕಾರರು ಬರೆದಿದ್ದಾರೆ. ಆ ಸಂಘವು ವಿನ್ಸೆಂಟ್ ದ ಪೌಲನ ಹೆಸರನ್ನು ಇಟ್ಟುಕೊಂಡಿತು.

ಉತ್ಸಾಹವಿದ್ದರೂ ಅವರಿಗೆ ವಿದ್ಯೆಯಿರಲಿಲ್ಲ. ಅದನ್ನು ಕಲಿಸಿದವರು ರೊಸಾಲಿ ರಾಂದ್ಯು ಎಂಬ ಸಂನ್ಯಾಸಿನಿ. ಪ್ಯಾರಿಸಿನ ಮೂಫ್ತಾರ್ ಎಂಬ ಬಡ ಕೇರಿಯಲ್ಲಿ ಅವರು ಬಹುಕಾಲದಿಂದ ಸೇವೆ ಮಾಡುತ್ತಿದ್ದರು. ಯಾವ ಮನೆಗೆ ಹೋಗಬೇಕು, ರೊಟ್ಟಿಯ ಚೀಟಿಯನ್ನು ಹೇಗೆ ಕೊಡಬೇಕು, ಕೊಳೆಯನ್ನು ಕಂಡು ಮೂಗು ಮುರಿಯದೆ, ಉಪದೇಶ ಮಾಡಲು ಆತುರಪಡದೆ ಹೇಗೆ ಕುಳಿತು ಮಾತು ಕೇಳಬೇಕು ಎಂಬುದನ್ನು ಅವರು ಆ ಕಾಲೇಜು ಹುಡುಗರಿಗೆ ತಿಳಿಸಿಕೊಟ್ಟರು. ಕೇರಿಯನ್ನು ಬಲ್ಲವರೇ ಗುರುಗಳಾದರು. ಗ್ರಂಥವನ್ನು ಬಲ್ಲವರು ಶಿಷ್ಯರಾದರು.

ಎರಡು ವರ್ಷಗಳೊಳಗೆ ಸದಸ್ಯರ ಸಂಖ್ಯೆಯು ನೂರನ್ನು ಮೀರಿತು. ಒಂದೇ ಕೂಟದಲ್ಲಿ ಇಷ್ಟು ಜನ ಸೇರಿದರೆ ಮನೆಮನೆಯ ಪರಿಚಯ ಉಳಿಯಲಾರದೆಂದು, ಅಗಲಲು ಇಷ್ಟವಿಲ್ಲದಿದ್ದರೂ, ೧೮೩೫ರಲ್ಲಿ ಧರ್ಮಕೇಂದ್ರಗಳ ಪ್ರಕಾರ ಸಂಘವನ್ನು ವಿಭಾಗಿಸಿದರು. ಅವುಗಳಲ್ಲಿ ಒಂದು ಸಾಂತ್ ಎತಿಯೆನ್ ದು ಮೋಂ ಎಂಬ ಇಗರ್ಜಿಗೆ ಸೇರಿದುದು. ಎತಿಯೆನ್ ಎಂದರೆ ಸ್ತೇಫಾನ. ಯೆರೂಸಲೇಮಿನಲ್ಲಿ ಹಂಚಿಕೆಯ ದೂರನ್ನು ಸರಿಪಡಿಸಲು ಆರಿಸಲ್ಪಟ್ಟ ಏಳು ಮಂದಿಯಲ್ಲಿ ಮೊದಲನೆಯವನ ಹೆಸರಿನ ಇಗರ್ಜಿಯೇ ಅದು.

ಓಜಾನಾಂ ಮುಂದೆ ಸೊರ್ಬೊನ್ ವಿದ್ಯಾಪೀಠದಲ್ಲಿ ಪರದೇಶದ ಸಾಹಿತ್ಯಗಳ ಪ್ರಾಧ್ಯಾಪಕನಾದನು. ಡಾಂಟೆ ಕವಿಯನ್ನು ಕುರಿತು ಬರೆದನು. ೧೮೫೩ರಲ್ಲಿ, ಕೇವಲ ನಲವತ್ತು ವರ್ಷ ವಯಸ್ಸಿನಲ್ಲಿ ತೀರಿಕೊಂಡನು. ಆರೇಳು ಮಂದಿಯಿಂದ ಆರಂಭವಾದ ಆ ಸಂಘವು ಇಂದು ಭಾರತವೂ ಸೇರಿ ನೂರೈವತ್ತರಷ್ಟು ದೇಶಗಳಲ್ಲಿದೆ.

೫. ಇಂದು ಈ ಕೆಲಸ ಹೇಗೆ ನಡೆಯುತ್ತದೆ?

ವಿನ್ಸೆಂಟ್ ದ ಪೌಲ್ ಸಂಘದ ಶಾಖೆಗೆ 'ಕಾನ್ಫರೆನ್ಸ್' ಎಂದು ಹೆಸರು. ಓಜಾನಾಮನ ಚರ್ಚಾಕೂಟದಿಂದ ಉಳಿದುಬಂದ ಹೆಸರು ಅದು. ಸದಸ್ಯರು ಸಂಬಳವಿಲ್ಲದ ಗೃಹಸ್ಥರು: ಗುಮಾಸ್ತರು, ಶಿಕ್ಷಕರು, ನಿವೃತ್ತರು, ಗೃಹಿಣಿಯರು. ಅವರು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಸೇರುತ್ತಾರೆ. ಹಿಂದಿನ ಸಭೆಯ ವರದಿಯನ್ನು ಓದುತ್ತಾರೆ. ಯಾವ ಮನೆಗೆ ಹೋಗಿದ್ದೆವು, ಏನು ಕಂಡೆವು, ಮುಂದೆ ಏನು ಮಾಡಬೇಕು ಎಂಬುದನ್ನು ವಿಚಾರಿಸುತ್ತಾರೆ. ಅವರ ಪದ್ಧತಿಯಲ್ಲಿ ನಾವು ಮುಖ್ಯವಾಗಿ ಗಮನಿಸತಕ್ಕವು ನಾಲ್ಕು.

ಮೊದಲನೆಯದು, ಮನೆಭೇಟಿ. ಬಡವನನ್ನು ಕಚೇರಿಗೆ ಕರೆಸಿ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಬದಲಾಗಿ, ಕೊಡುವವರೇ ಅವನ ಮನೆಗೆ ಹೋಗುತ್ತಾರೆ. ಅಲ್ಲಿ ಅವನು ಯಜಮಾನ, ಇವರು ಅತಿಥಿಗಳು.

ಎರಡನೆಯದು, ಇಬ್ಬಿಬ್ಬರಾಗಿ ಹೋಗುವುದು. ಒಬ್ಬರಿಗೆ ಕಾಣದುದು ಇನ್ನೊಬ್ಬರಿಗೆ ಕಾಣುತ್ತದೆ. ಒಬ್ಬರ ಕೋಪವನ್ನೋ ಪಕ್ಷಪಾತವನ್ನೋ ಇನ್ನೊಬ್ಬರು ತಡೆಯುತ್ತಾರೆ.

ಮೂರನೆಯದು, ಗೋಪ್ಯ. ಮನೆಯ ಕಷ್ಟವನ್ನು ಹೊರಗೆ ಹೇಳಕೂಡದು.

ನಾಲ್ಕನೆಯದು, ಗುಪ್ತ ಕಾಣಿಕೆ. ಸಭೆಯಲ್ಲಿ ಒಂದು ಚೀಲವು ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಅದರೊಳಗೆ ಕೈಯಿಟ್ಟು ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು, ಯಾರು ಏನೂ ಹಾಕಲಿಲ್ಲ ಎಂಬುದು ಯಾರಿಗೂ ತಿಳಿಯದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಮ್ಮ ಹಿರಿಯರೂ ಹೇಳುತ್ತಿದ್ದರಷ್ಟೆ.

ಈ ಸಂಘವಲ್ಲದೆ ಧರ್ಮಕೇಂದ್ರದಲ್ಲಿ ಬೇರೆ ಸೇವೆಗಳೂ ಇರುತ್ತವೆ. ಇಗರ್ಜಿಯೊಳಗೆ 'ಸಂತ ಅಂತೋನಿಯ ರೊಟ್ಟಿ' ಎಂದು ಬರೆದ ಪೆಟ್ಟಿಗೆಯನ್ನು ಅನೇಕ ಕಡೆ ಕಾಣಬಹುದು. ಅದರಲ್ಲಿ ಬಿದ್ದ ಹಣವು ಬಡವರ ಆಹಾರಕ್ಕೆ ಮೀಸಲು. ಹಾಸಿಗೆ ಹಿಡಿದವರಿಗೆ ಪರಮಪ್ರಸಾದವನ್ನು ಮನೆಗೆ ಒಯ್ದುಕೊಡಲು ತಕ್ಕ ಗೃಹಸ್ಥರನ್ನೂ ನಿಯಮಿಸಬಹುದೆಂದು ೧೯೭೩ರಲ್ಲಿ ರೋಮಿನಿಂದ ಅನುಮತಿ ಬಂದಿತು. ಅಂದಿನಿಂದ ನೆರೆಮನೆಯವರೇ ಆ ಕೆಲಸವನ್ನು ಮಾಡುವುದು ಸಾಧ್ಯವಾಯಿತು. ಕೆಲವು ಕೇಂದ್ರಗಳಲ್ಲಿ ಪಠ್ಯಪುಸ್ತಕಗಳ ಸಂಗ್ರಹ, ಔಷಧಿಯ ನೆರವು, ಮುದುಕರ ಕೂಟ, ಮನೆಗೆಲಸದವರಿಗೆ ಹೊಲಿಗೆಯ ತರಗತಿ ಇವೆಲ್ಲ ಇರುತ್ತವೆ. ೨೦೧೭ರಿಂದ ವರ್ಷಕ್ಕೊಂದು ಭಾನುವಾರವನ್ನು ಬಡವರ ವಿಶ್ವದಿನವೆಂದೂ ಆಚರಿಸುತ್ತಾರೆ. ದೊಡ್ಡ ಆಸ್ಪತ್ರೆಗಳು, ಅನಾಥಾಲಯಗಳು ಬಹುಮಟ್ಟಿಗೆ ಸಂನ್ಯಾಸಿ ಸಂಘಗಳ ಕೈಯಲ್ಲಿರುವುದರಿಂದ ಅವು ಬೇರೊಂದು ಪಾಠಕ್ಕೆ ವಿಷಯ.

೬. ಎರಡು ಎಚ್ಚರಿಕೆಗಳು

ಸೇವೆಯಲ್ಲಿ ಎರಡು ಅಪಾಯಗಳಿವೆ. ಕೊಡುವವನು ತಾನು ದೊಡ್ಡವನೆಂದು ತಿಳಿಯುವುದು ಒಂದು. ಕೊಟ್ಟುದರ ಬದಲಿಗೆ ಏನನ್ನಾದರೂ ಬಯಸುವುದು ಇನ್ನೊಂದು: ಕೃತಜ್ಞತೆಯನ್ನೋ, ಹೊಗಳಿಕೆಯನ್ನೋ, ವಿಧೇಯತೆಯನ್ನೋ, ಮತವನ್ನೋ. ಕಥೋಲಿಕ ಶ್ರೀಸಭೆಯೂ ಈ ವಿಷಯದಲ್ಲಿ ತನಗೆ ತಾನೇ ಎಚ್ಚರಿಕೆ ಹೇಳಿಕೊಳ್ಳಬೇಕಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ನೆಯ ನವೆಂಬರ್ ೧೮ರಂದು ಗೃಹಸ್ಥರ ಸೇವಾಕಾರ್ಯವನ್ನು ಕುರಿತು ಹೊರಡಿಸಿದ ಶಾಸನದಲ್ಲಿ, ನೆರವು ಪಡೆಯುವವನ ಸ್ವಾತಂತ್ರ್ಯವನ್ನೂ ಘನತೆಯನ್ನೂ ಗೌರವಿಸಬೇಕು. ಸ್ವಂತ ಲಾಭದ ಅಥವಾ ಅಧಿಕಾರದ ಆಸೆಯಿಂದ ದಾನವು ಕಲುಷಿತವಾಗಬಾರದು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಕೊಡಬಾರದು ಎಂಬ ಅಭಿಪ್ರಾಯವು ಸ್ಪಷ್ಟವಾಗಿ ಬಂದಿದೆ.

ಕಡೆಯ ಮಾತು ಬಹಳ ದೂರ ಹೋಗುತ್ತದೆ. ಕೂಲಿಯನ್ನು ಹಿಡಿದಿಟ್ಟುಕೊಂಡು ದೀಪಾವಳಿಗೆ ಮಿಠಾಯಿ ಹಂಚುವ ಧಣಿಯು ದಾನಿಯಲ್ಲ. ಓಜಾನಾಮನೂ ಇದನ್ನೇ ಹೇಳುತ್ತಿದ್ದನು: ಕರುಣೆಯು ದಾರಿಯಲ್ಲಿ ಬಿದ್ದವನ ಗಾಯಕ್ಕೆ ಮದ್ದು ಹಾಕುತ್ತದೆ, ಆದರೆ ಆ ದಾರಿಯಲ್ಲಿ ಏಟು ಬೀಳದಂತೆ ನೋಡಿಕೊಳ್ಳುವುದು ನ್ಯಾಯದ ಕೆಲಸ. ಎರಡೂ ಬೇಕು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಎಲ್ಲ ಧರ್ಮಕೇಂದ್ರಗಳೂ ಯಾವಾಗಲೂ ಈ ನಿಯಮಗಳಂತೆಯೇ ನಡೆಯುತ್ತವೆಂದು ನಾವು ಹೇಳುವುದಿಲ್ಲ. ನಿಯಮವನ್ನು ಬರೆದಿಡುವುದೇ ಜನರು ಅದನ್ನು ಮರೆಯುತ್ತಾರೆಂಬ ಕಾರಣದಿಂದ. ನಮ್ಮ ಶಾಲೆಯಲ್ಲಿ ಮರೆಯುವುದಕ್ಕೆ ನಿಯಮವೇ ಇರಲಿಲ್ಲ.

೭. ನಾವು ಮಾಡಿದ ತಿದ್ದುಪಡಿ

ಆ ಹುಡುಗನ ಮನೆಯಿಂದ ಹಿಂತಿರುಗಿದ ಮೇಲೆ ನಾವು ಶಿಕ್ಷಕರೆಲ್ಲರೂ ಸೇರಿ ವಿಚಾರ ಮಾಡಿದೆವು. ಈ ವರ್ಷ ಪಟ್ಟಿಯನ್ನು ಯಾರ ಮುಂದೆಯೂ ಓದಲಿಲ್ಲ. ದಾನವಾಗಿ ಬಂದ ಪುಸ್ತಕಗಳನ್ನೆಲ್ಲ ವಾಚನಾಲಯದ ಒಂದು ಕಪಾಟಿನಲ್ಲಿಟ್ಟು, ಬೇಕಾದವರು ಯಾರೇ ಆಗಲಿ ತೆಗೆದುಕೊಳ್ಳಬಹುದೆಂದು ತಿಳಿಸಿದೆವು. ಪುಸ್ತಕದ ಸಂಖ್ಯೆಯನ್ನು ಬರೆಯುತ್ತೇವೆ, ಕಾರಣವನ್ನು ಕೇಳುವುದಿಲ್ಲ. ಅನುಕೂಲಸ್ಥರ ಮಕ್ಕಳೂ ತೆಗೆದುಕೊಂಡರಲ್ಲ ಎಂದು ಕೆಲವರು ಆಕ್ಷೇಪಿಸಿದರು. ತೆಗೆದುಕೊಳ್ಳಲಿ. ಅವರೂ ತೆಗೆದುಕೊಂಡದ್ದರಿಂದಲೇ ಉಳಿದವರು ತಲೆಯೆತ್ತಿ ತೆಗೆದುಕೊಂಡರು.

ಮೂರು ದಿನ ಒಬ್ಬ ವಿದ್ಯಾರ್ಥಿಯು ಬರದಿದ್ದರೆ ಮೇಲಿನ ವರ್ಗದ ಇಬ್ಬರು ಅವನ ಮನೆಗೆ ಹೋಗಿ ಬರುತ್ತಾರೆ. ಏಕೆ ಬರಲಿಲ್ಲವೆಂದು ಗದರಿಸಲು ಅಲ್ಲ. ಆ ದಿನಗಳ ಪಾಠವನ್ನು ತಿಳಿಸಲು. ಹಲವು ಮನೆಗಳಿಗೆ ಹೋಗಬೇಕಾದ ದಿನ, ಹಗಲೆಲ್ಲ ಒಬ್ಬನೇ ಇರುವ ಮಗುವಿನ ಮನೆಗೆ ಕಡೆಯಲ್ಲಿ ಹೋಗಿರೆಂದು ಅವರಿಗೆ ಹೇಳಿದ್ದೇವೆ. ಅದು ಏಕೆಂದು ಈಗ ನಿಮಗೆ ತಿಳಿದಿದೆ.

ಆ ಹುಡುಗನು ಹತ್ತನೆಯ ದಿನ ಶಾಲೆಗೆ ಬಂದನು. ಬರುವಾಗ ನಾವು ಕೊಟ್ಟ ಆರು ನೋಟುಪುಸ್ತಕಗಳನ್ನೂ ತಂದು ಮೇಜಿನ ಮೇಲಿಟ್ಟು, ಒಂದು ಮಾತನ್ನೂ ಆಡದೆ ತನ್ನ ಸ್ಥಳದಲ್ಲಿ ಕುಳಿತನು. ನಾವು ಅವನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಅವು ಇಂದಿಗೂ ನಮ್ಮ ಕಪಾಟಿನಲ್ಲಿವೆ. ಮನೆಗಳಿಗೆ ಹೋಗಿ ಬರುವ ಜೊತೆಗಳಲ್ಲಿ ಈ ವರ್ಷ ಅವನೂ ಇದ್ದಾನೆ. ಎಲ್ಲರಿಗಿಂತ ಹೆಚ್ಚು ಹೊತ್ತು ಕುಳಿತು ಬರುವವನು ಅವನೇ ಎಂದು ಅವನ ಜೊತ��ಗಾರನು ಹೇಳುತ್ತಾನೆ.

ಅಭ್ಯಾಸ

೧. 'ಪ್ಯಾರಿಷ್' ಎಂಬ ಪದದ ಮೂಲಾರ್ಥವೇನು? ನಿಮ್ಮ ಕುಟುಂಬವು ಈ ನಗರಕ್ಕೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.

೨. ಯೆರೂಸಲೇಮಿನ ದೂರಿಗೂ ಶಾತಿಯೋಂ ಊರಿನ ಚಿಂತೆಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.

೩. ಒಂಟಿಯಾಗಿರುವ ರೋಗಿಯ ಬಳಿಗೆ ಕಡೆಯಲ್ಲಿ ಹೋಗಬೇಕೆಂಬ ನಿಯಮದ ಕಾರಣವನ್ನು ತಿಳಿಸಿರಿ. ಇಂತಹುದೇ ಒಂದು ನಿಯಮವನ್ನು ನಿಮ್ಮ ವರ್ಗಕ್ಕಾಗಿ ರಚಿಸಿರಿ.

೪. ನಿಮ್ಮ ಚಾಳಿನಲ್ಲಿ ಮಾತನಾಡಿಸುವವರಿಲ್ಲದ ಒಬ್ಬ ಹಿರಿಯರಿದ್ದರೆ ಈ ವಾರ ಹೋಗಿ ಮಾತನಾಡಿಸಿ ಬನ್ನಿರಿ. ಇದಕ್ಕೆ ಉತ್ತರವನ್ನು ಬರೆದು ತರಬೇಕಾಗಿಲ್ಲ. ಯಾರಿಗೂ ಹೇಳಬೇಕಾಗಿಯೂ ಇಲ್ಲ.